ಅವ್ವ ಮಾಳಿಗೆ ಹತ್ತಿದ ಗ್ರಹಣದ ರಾತ್ರಿ

1980ರ ಫೆಬ್ರುವರಿ 16, ಶನಿವಾರ. ಅವತ್ತು ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ನಮ್ಮ ಸಿಂಧನೂರು ಸೀಮೆಯ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಅಂಕೋಲಾ ಕಡೆಯಿಂದ ಒಳಗೆ ಬಂದ ಚಂದ್ರನ ನೆರಳು ಗದಗ, ರಾಯಚೂರು ದಾಟಿಕೊಂಡು ಒಡಿಶಾದ ಪುರಿ ಕಡೆಗೆ ಓಡಿತು. ಎರಡೂವರೆ ನಿಮಿಷಕ್ಕೂ ಜಾಸ್ತಿ ಹೊತ್ತು ಹಗಲೇ ಕತ್ತಲಾಗಿತ್ತು. ಅದನ್ನು ನೋಡೋಕೆ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ದೊಡ್ಡ ದೊಡ್ಡ ಉಪಕರಣ ತಂದು ನಮ್ಮ ಪಕ್ಕದ ಜವಳಗೇರಾದಲ್ಲಿ ಕ್ಯಾಂಪ್ ಹಾಕಿದ್ದರು. ನೆರಳು ಹಾದ ದಾರಿಯಲ್ಲಿ ಹೊರದೇಶದ ವಿಜ್ಞಾನಿಗಳೂ ಬಂದು ಕೂತಿದ್ದರು.

ಅವ್ವ ಆ ನೆರಳಿನ ನಟ್ಟನಡುವೆ ಇದ್ದಳು. ಆದರೆ ಏನನ್ನೂ ನೋಡಲಿಲ್ಲ.

ಆಗ ಅವಳು ಚೊಚ್ಚಲ ಬಸುರಿ. ಹೊಟ್ಟೆಯಲ್ಲಿ ಅಣ್ಣ ಇದ್ದ. ಬೆಳಿಗ್ಗೆಯಿಂದಲೇ ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, ಕಿಟಕಿಗೆ ಕಂಬಳಿ ಕಟ್ಟಿದ್ದರಂತೆ. ಅಂಗಾತ ಮಲಗಬೇಕು, ಕೈಕಾಲು ಮಡಚಬಾರದು, ಉಗುರಿಂದ ಏನನ್ನೂ ಕೀಳಬಾರದು. ಮಗುವಿಗೆ ತುಟಿ ಸೀಳುತ್ತದೆ ಅನ್ನೋ ಭಯ. ಓಣಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಅವ್ವನನ್ನು ಕೇಳಿದರೆ ಅವಳಿಗೆ ಆ ದಿನದ ಎರಡೇ ಸಂಗತಿ ನೆನಪಿವೆ. "ಹಕ್ಕಿ ಸದ್ದು ಒಮ್ಮಿಗೇ ನಿಂತು. ಆಮ್ಯಾಲ ಕೋಳಿ ಕೂಗಿದ್ವು, ಬೆಳಗಾದಂಗ. ನಾ ಒಬ್ಬಾಕೇ ಇದ್ದೆ, ಕತ್ತಲದಾಗ."

ಒಂದೇ ಜಾಗಕ್ಕೆ ಪೂರ್ಣ ಸೂರ್ಯಗ್ರಹಣ ಮತ್ತೆ ಬರೋಕೆ ಸರಾಸರಿ ಮುನ್ನೂರೈವತ್ತು ವರ್ಷಕ್ಕೂ ಜಾಸ್ತಿ ಬೇಕು. ಹೊರದೇಶದವರು ಸಮುದ್ರ ದಾಟಿ ಬಂದು ನೋಡಿದ್ದನ್ನು ನಮ್ಮ ಮನೆಯವರು ಅಂಗಳಕ್ಕೆ ಇಳಿದು ನೋಡಬಹುದಿತ್ತು. ಈ ವಿಷಯ ನೆನೆಸಿಕೊಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಯಾರ ಮೇಲೂ ಸಿಟ್ಟಲ್ಲ. ಬಾಗಿಲು ಹಾಕಿದವರು ಅವಳ ಮೇಲಿನ ಪ್ರೀತಿಯಿಂದಲೇ ಹಾಕಿದ್ದರು. ಆದರೂ ಅವಳ ಪಾಲಿನ ಆಕಾಶ ಅವಳಿಗೆ ಸಿಗಲಿಲ್ಲ ಅಲ್ವಾ?

ಅದಕ್ಕೇ 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣಕ್ಕೆ ನಾನು ಮಗಳನ್ನು ಕರೆದುಕೊಂಡು ಸಿಂಧನೂರಿಗೇ ಹೋದೆ.

ಚಂದ್ರಗ್ರಹಣ ಸೂರ್ಯಗ್ರಹಣದಷ್ಟು ಅಪರೂಪದ್ದಲ್ಲ. ರಾತ್ರಿ ಇರುವ ಅರ್ಧ ಭೂಮಿಗೆ ಒಟ್ಟಿಗೇ ಕಾಣುತ್ತದೆ. ಆದರೆ ಪೂರ್ತಿ ಗ್ರಹಣ, ಇಡೀ ಭಾರತಕ್ಕೆ, ಹಿಡಿದಾಗಿನಿಂದ ಬಿಡೋವರೆಗೆ ಕಾಣೋದು ಕಮ್ಮಿ. ಇದಕ್ಕೆ ಮುಂಚೆ ಹಾಗೆ ಕಂಡದ್ದು 2018ರ ಜುಲೈ 27ರ ರಾತ್ರಿ. ಅದು ಈ ಶತಮಾನದ ಅತಿ ಉದ್ದದ ಪೂರ್ಣ ಚಂದ್ರಗ್ರಹಣ, 103 ನಿಮಿಷ. ಪಕ್ಕದಲ್ಲೇ ಮಂಗಳ ಬೇರೆ ಹೊಳೆಯುತ್ತಿತ್ತು. ನಮಗೆ ಸಿಕ್ಕಿದ್ದು ಆಷಾಢದ ಮೋಡ. ಈ ಸಲ ಭಾನುವಾರ, ಮಕ್ಕಳಿಗೆ ನಿದ್ದೆಗೆಟ್ಟು ಕೂರೋಕೆ ಆಗುವಂಥ ಹೊತ್ತು, ಚಂದ್ರ ಹೆಚ್ಚುಕಮ್ಮಿ ನೆತ್ತಿಯ ಮೇಲೆ. ಇದಕ್ಕಿಂತ ಒಳ್ಳೆಯದು ಯಾವಾಗ ಸಿಕ್ಕೀತು?

ಮನೆಯಲ್ಲಿ ಮಧ್ಯಾಹ್ನದಿಂದಲೇ ಗ್ರಹಣದ ಕೆಲಸ ಶುರುವಾಗಿತ್ತು. ಅಪ್ಪ ಪಂಚಾಂಗ ತೆಗೆದು ಗಟ್ಟಿಯಾಗಿ ಓದಿದರು. ಸ್ಪರ್ಶ ರಾತ್ರಿ 9:57. ಮಧ್ಯಕಾಲ 11:41. ಮೋಕ್ಷ 1:26. ಅವ್ವ ನೀರಿನ ಕೊಡ, ಹಾಲು, ಉಪ್ಪಿನಕಾಯಿ ಭರಣಿ ಎಲ್ಲದರ ಮೇಲೂ ಗರಿಕೆ ಇಟ್ಟಳು. ಅಪ್ಪ, ಅವ್ವ ಇಬ್ಬರೂ ಮಧ್ಯಾಹ್ನವೇ ಊಟ ಮುಗಿಸಿದ್ದರು. ಮಕ್ಕಳಿಗೆ ಮತ್ತು ನನ್ನ ತಂಗಿಗೆ ಸಂಜೆ ರೊಟ್ಟಿ, ಹೆಸರುಕಾಳು ಪಲ್ಯ ಆಯಿತು. ಎದುರು ಮನೆಯವರು ತಾಟಿನಲ್ಲಿ ನೀರು ಹಾಕಿ ಒನಕೆ ನಿಲ್ಲಿಸೋಕೆ ಅಣಿ ಮಾಡಿದ್ದರು. ಗ್ರಹಣ ಹಿಡಿದಿರುವಷ್ಟು ಹೊತ್ತು ಒನಕೆ ತಾನಾಗೇ ನಿಂತಿರುತ್ತದೆ ಅನ್ನೋದು ನಮ್ಮ ಕಡೆಯ ನಂಬಿಕೆ. ನನ್ನ ಮಗಳಿಗೆ ಹನ್ನೊಂದು ವರ್ಷ. ಆಗಲೇ ಹೋಗಿ ಒಂದು ಪರೀಕ್ಷೆ ಮಾಡಿ ಬಂದಳು. ಗ್ರಹಣಕ್ಕೆ ಇನ್ನೂ ಮೂರು ತಾಸು ಇದ್ದಾಗಲೇ ಒನಕೆ ನಿಂತಿತು. ತಳ ಸಪಾಟಾಗಿದ್ದರೆ ಯಾವ ದಿನವಾದರೂ ನಿಲ್ಲುತ್ತದೆ. ಎದುರು ಮನೆಯ ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. "ನಿಂತ್ರ ನಿಲ್ಲವಲ್ದ್ಯಾಕ" ಅಂದರು.

ಉಪವಾಸ, ಸ್ನಾನ, ಗರಿಕೆ, ಇವುಗಳ ಜೊತೆ ನನಗೆ ಜಗಳ ಇಲ್ಲ. ಅವು ಅವ್ವನ ದಿನಚರಿಯ ಭಾಗ. ಅವುಗಳಲ್ಲಿ ಒಂದು ಶಿಸ್ತಿದೆ, ಆಕಾಶದಲ್ಲಿ ಏನೋ ದೊಡ್ಡದು ನಡೀತಿದೆ ಅನ್ನೋ ಗೌರವ ಇದೆ. ಆದರೆ ಗ್ರಹಣದ ಹೆಸರಲ್ಲಿ ಮನುಷ್ಯರನ್ನು ಹಿಂಸೆ ಮಾಡೋದು ಬೇರೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ಹಳ್ಳಿಯೊಂದರಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು, ವಾಸಿಯಾಗುತ್ತದೆ ಅಂತ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಬಸುರಿಯರನ್ನು ತಾಸುಗಟ್ಟಲೆ ಉಸಿರುಗಟ್ಟುವ ಕೋಣೆಯಲ್ಲಿ ಮಲಗಿಸೋದೂ ನನ್ನ ಮಟ್ಟಿಗೆ ಹಿಂಸೆಯೇ. ಸೀಳುತುಟಿ ಗ್ರಹಣದಿಂದ ಬರೋದಿಲ್ಲ. ಅದು ಬಂದರೆ ಶಸ್ತ್ರಚಿಕಿತ್ಸೆಯಿಂದ ಸರಿಯಾಗುತ್ತದೆ. ಆ ತಾಯಿ ಗ್ರಹಣ ನೋಡಿದಳು ಅಂತ ಜೀವನವಿಡೀ ಅವಳನ್ನು ದೂರೋದು ಮಾತ್ರ ಯಾವ ಶಸ್ತ್ರಚಿಕಿತ್ಸೆಗೂ ಸರಿಯಾಗೋದಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ತಂಗಿಗೆ ಆಗ ಐದು ತಿಂಗಳು. ಅವಳ ಅತ್ತೆ ಲಿಂಗಸುಗೂರಿನಿಂದ ಮತ್ತೆ ಮತ್ತೆ ಫೋನ್ ಮಾಡಿ "ಹೊರಗ ಬರಬ್ಯಾಡವಾ" ಅಂತ ಹೇಳಿದ್ದರು. ಅವ್ವನಿಗೂ ಅದೇ ಮನಸ್ಸು. ನಾನು ಮೇಲೆ ಬಾ ಅಂತ ಕರೆದಾಗ ಅವ್ವ ಒಪ್ಪಿದ್ದು ತನ್ನ ಪಾಲಿಗೆ ಮಾತ್ರ. "ನಾ ಬರ್ತೀನಿ. ನಾ ಮುದುಕಿ, ನನಗೇನಾಗ್ತೈತಿ. ಅಕೀ ಬ್ಯಾಡ." ತಂಗಿ ವಾದ ಮಾಡಲಿಲ್ಲ. ಮೊಬೈಲ್ ಹಿಡಿದು ಒಳಗೇ ಕೂತಳು. ಅದರಲ್ಲಿ ಗ್ರಹಣದ ನೇರಪ್ರಸಾರ ಬರುತ್ತಿತ್ತು.

ಒಂಬತ್ತೂವರೆಗೆ ಮಾಳಿಗೆ ಹತ್ತಿದೆವು. ಚಾಪೆ, ಒಂದು ಬೈನಾಕ್ಯುಲರ್, ಸೊಳ್ಳೆಗೆ ಬೇವಿನ ಹೊಗೆ. ಭತ್ತದ ಗದ್ದೆ ಹತ್ತಿರ ಇರೋದರಿಂದ ಸೆಪ್ಟೆಂಬರ್‌ನಲ್ಲಿ ನಮ್ಮಲ್ಲಿ ಸೊಳ್ಳೆ ಜಾಸ್ತಿ. ತೆಳು ಮೋಡ ಬರುತ್ತಿತ್ತು, ಹೋಗುತ್ತಿತ್ತು. ಹತ್ತಕ್ಕೆ ಸ್ವಲ್ಪ ಮುಂಚೆ ಚಂದ್ರನ ಒಂದು ಅಂಚು ಮಬ್ಬಾಯಿತು. ಅಪ್ಪ ಟಾರ್ಚ್ ಹಾಕಿ ಗಡಿಯಾರ ನೋಡಿದರು. "9:57. ಸರಿ ಐತಿ ನೋಡು" ಅಂದರು. ಎಷ್ಟೋ ವರ್ಷದಿಂದ ಪಂಚಾಂಗ ಓದುತ್ತಾ ಬಂದವರು ಅವರು. ಅದರ ಹೊತ್ತನ್ನು ಆಕಾಶದ ಜೊತೆ ತಾಳೆ ನೋಡಿದ್ದು ಅವರೂ ಅವತ್ತೇ ಮೊದಲು.

ಈ ತಾಳೆ ನೋಡುವ ಕೆಲಸ ನಮ್ಮಲ್ಲಿ ಹೊಸದಲ್ಲ ಅನ್ನೋದು ನನಗೆ ತುಂಬ ಮುಖ್ಯವಾದ ವಿಷಯ. ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ಸೂರ್ಯನನ್ನು ಚಂದ್ರ ಮುಚ್ಚುತ್ತಾನೆ, ಚಂದ್ರನನ್ನು ಭೂಮಿಯ ದೊಡ್ಡ ನೆರಳು ಮುಚ್ಚುತ್ತದೆ ಅಂತ ಸ್ಪಷ್ಟವಾಗಿ ಹೇಳಿದ್ದ. ಅವನಾದ ಮೇಲೆ ಶತಮಾನಗಳು ಕಳೆದು, ಕೇರಳದಲ್ಲಿ ಪರಮೇಶ್ವರ ಅನ್ನೋ ಗಣಿತಜ್ಞ ಬಂದ. ಅವನು 1393ರಿಂದ 1432ರವರೆಗೆ ತಾನು ನೋಡಿದ ಗ್ರಹಣಗಳನ್ನು ಬರೆದಿಟ್ಟಿದ್ದಾನೆ. ಹಳೆಯ ಲೆಕ್ಕ ಹೇಳುವ ಹೊತ್ತಿಗೂ ಆಕಾಶದಲ್ಲಿ ಕಾಣುವ ಹೊತ್ತಿಗೂ ಹೊಂದುತ್ತಿರಲಿಲ್ಲ. ಅದಕ್ಕಾಗಿ ಲೆಕ್ಕವನ್ನೇ ತಿದ್ದಿ 1431ರಲ್ಲಿ ದೃಗ್ಗಣಿತ ಅನ್ನೋ ಪದ್ಧತಿ ಕೊಟ್ಟ. ಒಬ್ಬ ಮನುಷ್ಯ ಹರೆಯದಿಂದ ಮುಪ್ಪಿನವರೆಗೆ ಗ್ರಹಣ ಬಂದಾಗಲೆಲ್ಲ ಹೊರಗೆ ನಿಂತು ಆಕಾಶ ನೋಡಿದ್ದ. ಅಂಥವರು ನೋಡಿ ನೋಡಿ ತಿದ್ದಿದ ಲೆಕ್ಕ ಅದು. ಅದೇ ಲೆಕ್ಕದ ಹೊತ್ತು ನೋಡಿಕೊಂಡು ನಾವು ಬಾಗಿಲು ಹಾಕಿಕೊಳ್ಳುತ್ತೇವೆ.

ಕನ್ನಡದ ಶಾಸನಗಳಲ್ಲೂ ಗ್ರಹಣ ತುಂಬ ಸಿಗುತ್ತದೆ. ಸೋಮಗ್ರಹಣದ ದಿನ ಭೂಮಿ ದಾನ ಕೊಟ್ಟೆವು, ಕೆರೆಗೆ ಗದ್ದೆ ಬಿಟ್ಟೆವು ಅಂತ ಕಲ್ಲಿನ ಮೇಲೆ ಬರೆಸಿದ್ದಾರೆ. ಗ್ರಹಣ ಎಂದು ಬಂತು ಅನ್ನೋದನ್ನು ಲೆಕ್ಕ ಹಾಕಿ ಆ ಶಾಸನಗಳ ತಾರೀಕು ಸರಿನೋ ತಪ್ಪೋ ಅಂತ ಇತಿಹಾಸಕಾರರು ಈಗ ಕಂಡುಹಿಡಿಯುತ್ತಾರೆ. ಆ ಕಾಲದ ಜನ ಗ್ರಹಣ ಅಂದರೆ ಬರೀ ಹೆದರಿದ್ದರು ಅಂತ ನನಗೆ ಅನ್ನಿಸೋದಿಲ್ಲ. ಒಂದು ಊರಿಗೆ ಕೊಡುವ ದೊಡ್ಡ ಮಾತನ್ನು ಆಡೋಕೆ ಅವರು ಆರಿಸಿಕೊಂಡ ದಿನ ಅದು.

ಹತ್ತೂವರೆ ಹೊತ್ತಿಗೆ ಅರ್ಧ ಚಂದ್ರ ಹೋಗಿದ್ದ. ಮಗಳು ನೋಟ್‌ಬುಕ್ ಮೇಲೆ ಹತ್ತು ರೂಪಾಯಿ ನಾಣ್ಯ ಇಟ್ಟು ಸುತ್ತ ಗೆರೆ ಎಳೆದಳು. ಅದು ಚಂದ್ರ. ಆಮೇಲೆ ನೆರಳಿನ ಅಂಚು ಹೇಗೆ ಬಾಗಿದೆಯೋ ಹಾಗೆ ಒಳಗೆ ಒಂದು ಗೆರೆ. ಆ ಬಾಗಿಗೆ ಯಾವ ವೃತ್ತ ಹೊಂದುತ್ತದೆ ಅಂತ ನೋಡೋಕೆ ಅಡುಗೆಮನೆಯಿಂದ ಸ್ಟೀಲ್ ಡಬ್ಬಿಗಳ ಮುಚ್ಚಳ ಎಲ್ಲ ತಂದಳು. ದೊಡ್ಡವು ಹೊಂದಲಿಲ್ಲ. ಕೊನೆಗೆ ಏಲಕ್ಕಿ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿತು. ಅಳತೆಪಟ್ಟಿ ಇಟ್ಟು ನೋಡಿದರೆ ನಾಣ್ಯಕ್ಕಿಂತ ಎರಡೂವರೆ ಪಟ್ಟು ಮಿಕ್ಕಿ. ನಿಜವಾದ ಲೆಕ್ಕದಲ್ಲೂ ಚಂದ್ರನಿರುವ ದೂರದಲ್ಲಿ ಭೂಮಿಯ ನೆರಳು ಚಂದ್ರನಿಗಿಂತ ಸುಮಾರು 2.7 ಪಟ್ಟು ಅಗಲ. ಭೂಮಿ ಚಂದ್ರನ 3.7 ಪಟ್ಟು ಇದೆ. ಆದರೆ ಸೂರ್ಯ ಭೂಮಿಗಿಂತ ತುಂಬ ದೊಡ್ಡದಾದ್ದರಿಂದ ನೆರಳು ಮುಂದೆ ಹೋದಂತೆ ಚೂಪಾಗುತ್ತದೆ.

ಅವ್ವ ಇದನ್ನೆಲ್ಲ ಸುಮ್ನೆ ನೋಡುತ್ತಿದ್ದಳು. ಆಮೇಲೆ ಕೇಳಿದಳು, "ಅಂದ್ರ ಅಲ್ಲಿ ಬಿದ್ದದ್ದು ನಮ್ಮ ನೆರಳು?"

"ಹೌದಜ್ಜಿ. ನಾವು ನಿಂತಿರೋ ಭೂಮೀದು."

"ನಾವೂ ಅದರಾಗ ಅದೀವಿ?"

"ಅದೀವಿ."

ಅವ್ವ ಎದ್ದು ನಿಂತು ಇನ್ನೊಂದು ಸಲ ಮೇಲೆ ನೋಡಿದಳು. ಭೂಮಿ ಗುಂಡಗಿದೆ ಅನ್ನೋದಕ್ಕೆ ಗ್ರೀಸಿನ ಅರಿಸ್ಟಾಟಲ್ ಕೊಟ್ಟ ಸಾಕ್ಷಿಗಳಲ್ಲಿ ಒಂದು ಇದೇ ಬಾಗಿದ ನೆರಳು. ನಾನು ಅದನ್ನು ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಅವ್ವ ನಾಲ್ಕನೇ ಇಯತ್ತೆ ಓದಿದವಳು. ಅವಳಿಗೆ ಅದು ಏಲಕ್ಕಿ ಡಬ್ಬಿಯ ಮುಚ್ಚಳದಿಂದ ತಿಳಿಯಿತು. ನನಗಿಂತ ಅವಳಿಗೇ ಚೆನ್ನಾಗಿ ತಿಳಿಯಿತು ಅನ್ನಿಸಿತು.

ರಾಹು, ಕೇತು ವಿಷಯವೂ ಬಂತು. ಅವ್ವ ಕೇಳೇ ಕೇಳುತ್ತಾಳೆ ಅಂತ ನನಗೆ ಗೊತ್ತಿತ್ತು. ರಂಗೋಲಿ ಪುಡಿಯಲ್ಲಿ ಮಾಳಿಗೆಯ ನೆಲದ ಮೇಲೆ ಎರಡು ದೊಡ್ಡ ಉಂಗುರ ಬರೆದೆ. ಒಂದು ಸೂರ್ಯ ಸಾಗುವಂತೆ ಕಾಣುವ ದಾರಿ, ಇನ್ನೊಂದು ಚಂದ್ರನ ದಾರಿ. ಚಂದ್ರನ ದಾರಿ ಐದು ಡಿಗ್ರಿ ವಾರೆ. ಅದಕ್ಕೇ ಪ್ರತಿ ಹುಣ್ಣಿಮೆಗೂ ಗ್ರಹಣ ಆಗೋದಿಲ್ಲ. ಚಂದ್ರ ನೆರಳಿನ ಮೇಲೋ ಕೆಳಗೋ ತಪ್ಪಿಸಿಕೊಂಡು ಹೋಗುತ್ತಾನೆ. ಎರಡೂ ದಾರಿ ಒಂದನ್ನೊಂದು ದಾಟುವ ಜಾಗ ಎರಡಿವೆ. ಹುಣ್ಣಿಮೆಯ ಚಂದ್ರ ಆ ಜಾಗದ ಹತ್ತಿರ ಇದ್ದರೆ ಮಾತ್ರ ಗ್ರಹಣ. ಪಂಚಾಂಗದ ಲೆಕ್ಕದಲ್ಲಿ ಆ ಎರಡು ಜಾಗಗಳೇ ರಾಹು ಮತ್ತು ಕೇತು. ಅವು ಸುಮಾರು ಹದಿನೆಂಟೂವರೆ ವರ್ಷಕ್ಕೆ ಒಂದು ಸುತ್ತು ಹಿಂದಕ್ಕೆ ಸರಿಯುತ್ತವೆ. "ಹಂಗಾದ್ರ ರಾಹು ಸುಳ್ಳಲ್ಲ" ಅಂದಳು ಅವ್ವ, ಸಮಾಧಾನದಿಂದ. ಸುಳ್ಳಲ್ಲ ಅವ್ವಾ, ಹಾವಲ್ಲ ಅಷ್ಟೇ, ಅಂದೆ.

ಹನ್ನೊಂದಕ್ಕೆ ಸರಿಯಾಗಿ ಕೊನೆಯ ಬಿಳಿ ಚೂರೂ ಮಾಯವಾಯಿತು. ಬೈನಾಕ್ಯುಲರ್‌ನಲ್ಲಿ ನೋಡುತ್ತಿದ್ದ ಮಗಳು "ನೀಲಿ, ನೀಲಿ" ಅಂತ ಕೂಗಿದಳು. ಪೂರ್ಣ ಗ್ರಹಣದ ಶುರುವಿನಲ್ಲಿ ನೆರಳಿನ ಅಂಚಲ್ಲಿ ತೆಳುವಾದ ನೀಲಿ ಗೆರೆಯೊಂದು ಕಾಣುತ್ತದೆ. ಭೂಮಿಯ ಓಝೋನ್ ಪದರದ ಮೂಲಕ ಹಾದ ಬೆಳಕು ಅದು. ಓಝೋನ್ ಕೆಂಪನ್ನು ಹೀರಿಕೊಂಡು ನೀಲಿಯನ್ನು ಬಿಡುತ್ತದೆ. ಕೆಳಗಿನ ದಟ್ಟ ಗಾಳಿಯಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ನೀಲಿ ಚದುರಿಹೋಗಿ ಕೆಂಪು ಮಾತ್ರ ಬಾಗಿ ನೆರಳಿನೊಳಗೆ ಬೀಳುತ್ತದೆ. ಆ ಹೊತ್ತಿಗೆ ಭೂಮಿಯ ಸುತ್ತ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ ಅಲ್ಲಿನ ಬೆಳಕೆಲ್ಲ ಚಂದ್ರನ ಮೇಲೆ ಬೀಳುತ್ತದೆ. ಗಾಳಿಯಲ್ಲಿ ಧೂಳು ಜಾಸ್ತಿ ಇದ್ದರೆ ಚಂದ್ರ ಇನ್ನೂ ಕಪ್ಪಾಗುತ್ತಾನೆ. 1991ರಲ್ಲಿ ಫಿಲಿಪೀನ್ಸ್‌ನ ಪಿನಟುಬೊ ಜ್ವಾಲಾಮುಖಿ ಸಿಡಿದ ಮೇಲೆ 1992ರ ಡಿಸೆಂಬರ್‌ನ ಗ್ರಹಣದಲ್ಲಿ ಚಂದ್ರ ಕಂಡೂ ಕಾಣದಂತೆ ಕಪ್ಪಗಿದ್ದನಂತೆ. ನಮ್ಮ ಚಂದ್ರ ಅಷ್ಟು ಕಪ್ಪಿರಲಿಲ್ಲ. "ಸುಟ್ಟ ಇಟ್ಟಂಗಿ ಬಣ್ಣ" ಅಂದಳು ಅವ್ವ. ಅದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ.

ನಾನು ಲೆಕ್ಕ ಹಾಕಿರದ ಇನ್ನೊಂದು ಸಂಗತಿ ಅಂದರೆ ನಕ್ಷತ್ರಗಳು. ಹುಣ್ಣಿಮೆಯ ರಾತ್ರಿ ಆಕಾಶದಲ್ಲಿ ನಾಲ್ಕಾರು ನಕ್ಷತ್ರ ಕಂಡರೆ ಹೆಚ್ಚು. ಚಂದ್ರ ಕೆಂಪಾದ ಕೂಡಲೇ ಅವು ಒಂದೊಂದಾಗಿ ಬಂದವು. ದಕ್ಷಿಣಕ್ಕೆ, ಚಂದ್ರನ ಕೆಳಗೆ, ಫೋಮಲ್‌ಹಾಟ್ ಒಂಟಿಯಾಗಿತ್ತು. ಎಡಕ್ಕೆ ಸ್ವಲ್ಪ ದೂರದಲ್ಲಿ ಶನಿ. ಶನಿ ಅಂದ ಕೂಡಲೇ ಅಪ್ಪ ಕೈಮುಗಿದರು. ಕೈಮುಗಿದು, ಬೈನಾಕ್ಯುಲರ್ ಇಸಿದುಕೊಂಡು, ಬಹಳ ಹೊತ್ತು ನೋಡಿದರು.

ಹನ್ನೊಂದೂವರೆ ದಾಟಿತ್ತು. ಅವ್ವ ಏನೂ ಹೇಳದೆ ಎದ್ದು ಕೆಳಗೆ ಇಳಿದಳು. ಸಾಕಾಯಿತೇನೋ, ಮಲಗುತ್ತಾಳೆ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಇಬ್ಬರು ಬರುವ ಸದ್ದು. ನಮ್ಮ ಮೆಟ್ಟಿಲಿಗೆ ಕಂಬಿ ಇಲ್ಲ. ಅವ್ವ ತಂಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿಸುತ್ತಿದ್ದಳು. ನಾವು ಯಾರೂ ಮಾತಾಡಲಿಲ್ಲ. ತಂಗಿಯನ್ನು ಚಾಪೆಯ ಮೇಲೆ ಕೂಡಿಸಿ, ಬೆನ್ನಿಗೆ ದಿಂಬು ಕೊಟ್ಟು, ಅವ್ವ ಪಕ್ಕದಲ್ಲಿ ಕೂತಳು.

"ಒಬ್ಬಾಕೇ ಒಳಗ ಕುಂತ್ರ ಹೆಂಗಿರ್ತೈತಿ ಅಂತ ನನಗ ಗೊತ್ತೈತಿ" ಅಂದಳು. ನನಗಲ್ಲ, ತಂಗಿಗೂ ಅಲ್ಲ, ಅಪ್ಪನ ಕಡೆ ನೋಡಿ ಹೇಳಿದಳು. ಅಪ್ಪ ತಲೆ ಆಡಿಸಿದರು.

ತಂಗಿ ಅಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಗೋಕೂ ಶುರು ಮಾಡಿದಳು, ಯಾಕೆಂದರೆ ಮಗು ಒದೆಯುತ್ತಿತ್ತು. ನನ್ನ ಮಗಳು ಅವಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಚಂದ್ರನನ್ನು ನೋಡಿದಳು. ಅತ್ತೆಗೆ ಏನು ಹೇಳೋದು ಅಂತ ತಂಗಿ ಕೇಳಿದಾಗ ಅವ್ವ, "ನಾ ಮಾತಾಡ್ತೀನಿ, ಬಿಡು" ಅಂದಳು. ಮರುದಿನ ಬೆಳಿಗ್ಗೆ ಫೋನ್ ಹಚ್ಚಿ ಮಾತಾಡಿದಳು ಕೂಡ. ಬಾಗಿಲು ಹಾಕಿಕೊಂಡು ಮಾತಾಡಿದಳು. ಏನು ಹೇಳಿದಳೋ ನಮಗೆ ಹೇಳಿಲ್ಲ. ಜನವರಿಯಲ್ಲಿ ಹೆಣ್ಣುಮಗು ಹುಟ್ಟಿತು, ಚೆನ್ನಾಗಿದೆ. ಅದನ್ನು ನಾನು ಯಾವುದಕ್ಕೂ ಪುರಾವೆ ಅಂತ ಹೇಳುತ್ತಿಲ್ಲ. 1980ರಲ್ಲಿ ಅಣ್ಣ ಚೆನ್ನಾಗಿ ಹುಟ್ಟಿದ್ದಕ್ಕೆ ಕಂಬಳಿ ಕಟ್ಟಿದ ಕಿಟಕಿ ಹೇಗೆ ಕಾರಣವಲ್ಲವೋ, ಇದಕ್ಕೆ ಮಾಳಿಗೆಯೂ ಕಾರಣವಲ್ಲ.

12:22ಕ್ಕೆ ಚಂದ್ರನ ಅಂಚಲ್ಲಿ ಮತ್ತೆ ಬೆಳಕು ಬಂತು. ಮೋಡ ಜಾಸ್ತಿಯಾಗಿ ಆಮೇಲಿನದು ಅಷ್ಟು ಚೆನ್ನಾಗಿ ಕಾಣಲಿಲ್ಲ. ಒಂದೂವರೆಗೆ ಅಪ್ಪ, ಅವ್ವ ತಲೆಗೆ ನೀರು ಹಾಕಿಕೊಂಡರು. ಅವ್ವ ಚಹಾಕ್ಕೆ ಇಟ್ಟಳು.

ಆ ಚಹಾ ಕುಡಿಯುವಾಗ ಬಂದ ಮಾತು ನನಗೆ ಇಡೀ ರಾತ್ರಿಯಷ್ಟೇ ಬೆಲೆಯುಳ್ಳದ್ದು. ಗ್ರಹಣಗಳು ಮರಳಿ ಬರುವ ಒಂದು ಚಕ್ರ ಇದೆ, ಸಾರೋಸ್ ಅಂತ. 18 ವರ್ಷ, 11 ದಿನ, ಸುಮಾರು 8 ತಾಸು. ಅಷ್ಟು ಕಾಲಕ್ಕೊಮ್ಮೆ ಅದೇ ಬಗೆಯ ಗ್ರಹಣ ಮತ್ತೆ ಆಗುತ್ತದೆ. ಆದರೆ ಆ 8 ತಾಸಿನಿಂದಾಗಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುತ್ತದೆ. ಬೇರೆ ಸೀಮೆಗೆ ಕಾಣುತ್ತದೆ. ಮೂರು ಸಲ ಆದರೆ, ಅಂದರೆ 54 ವರ್ಷ ಒಂದು ತಿಂಗಳಿಗೆ, ಹೆಚ್ಚುಕಮ್ಮಿ ನಮ್ಮ ಕಡೆಗೇ ವಾಪಸ್. ಮಗಳು ಹಿಂದಕ್ಕೆ ಎಣಿಸಿದಳು. 2007, 1989, 1971. 1971ರ ಆಗಸ್ಟ್ 6ರ ರಾತ್ರಿ.

"ನೂಲು ಹುಣ್ಣಿಮಿ" ಅಂದಳು ಅವ್ವ ಥಟ್ಟನೆ. ಆಗ ಅವಳಿಗೆ ಹತ್ತು ವರ್ಷ. ನಡುರಾತ್ರಿ ದಾಟಿದ ಮೇಲೆ ಪೂರ್ಣ ಗ್ರಹಣ ಆಗಿತ್ತು. ಅವಳಿಗೆ ಚಂದ್ರನ ನೆನಪಿಲ್ಲ. ಬೆಳಗಿನ ಜಾವ ಮುತ್ತಜ್ಜಿ ಎಬ್ಬಿಸಿ ತಣ್ಣೀರು ಸುರಿದದ್ದು, ತಮ್ಮ ಅತ್ತದ್ದು ನೆನಪಿದೆ. ಅಂದರೆ ಇವತ್ತಿನದು ಅವಳ ಬಾಲ್ಯದ ಗ್ರಹಣವೇ, ಮೂರು ಸುತ್ತು ಹಾಕಿ ಬಂದದ್ದು. ಆಗ ಹತ್ತು ವರ್ಷದ ಹುಡುಗಿ ನೋಡಲಾಗದ್ದನ್ನು ಈಗ ಅರವತ್ತನಾಲ್ಕು ವರ್ಷದ ಹೆಂಗಸು ನೋಡಿದಳು. ಪಕ್ಕದಲ್ಲಿ ಹನ್ನೊಂದು ವರ್ಷದ ಮೊಮ್ಮಗಳು ಇದ್ದಳು.

ಮುಂದಕ್ಕೂ ಎಣಿಸಿದರು. 2043, 2061, 2079ರ ಅಕ್ಟೋಬರ್ 10. ಆಗ ನನ್ನ ಮಗಳಿಗೆ 65 ಆಗಿರುತ್ತದೆ. ಅವ್ವ ಅದನ್ನು ಪಂಚಾಂಗದ ಹಿಂದಿನ ಖಾಲಿ ಪುಟದಲ್ಲಿ ಬರೆಸಿದಳು. ಬರೆಯುವಾಗ ಮೊಮ್ಮಗಳಿಗೆ ಹೇಳಿದಳು, "ಆವಾಗ ಮನ್ಯಾಗ ಬಸುರಿ ಇದ್ರ ನೀನ ಕೈ ಹಿಡಿದು ಮ್ಯಾಲ ಕರಕೊಂಡು ಬರಬೇಕು. ಮೆಟ್ಟಿಲಿಗೆ ಕಂಬಿ ಹಾಕಸ್ರಿ ಮೊದಲ."

ಅಷ್ಟು ದೂರ ಕಾಯಬೇಕಾಗಿಲ್ಲ. 2028ರ ಡಿಸೆಂಬರ್ 31ರ ಭಾನುವಾರ ರಾತ್ರಿ ಹತ್ತರ ಹೊತ್ತಿಗೆ ಇನ್ನೊಂದು ಪೂರ್ಣ ಚಂದ್ರಗ್ರಹಣ ನಮಗೆ ಕಾಣುತ್ತದೆ. ಚಳಿಗಾಲ, ನಮ್ಮ ಕಡೆ ಮೋಡ ಕಮ್ಮಿ. ಪೂರ್ಣ ಸೂರ್ಯಗ್ರಹಣ ಬೇಕು ಅಂದರೆ 2034ರ ಮಾರ್ಚ್ 20ಕ್ಕೆ ಲಡಾಖ್ ಕಡೆ ಹೋಗಬೇಕು. ಆಗ ಅವ್ವನಿಗೆ 73. ಅಲ್ಲಿ ಮಾರ್ಚ್‌ನಲ್ಲಿ ಎಷ್ಟು ಚಳಿ ಇರುತ್ತದೆ, ರೈಲು ಎಲ್ಲಿಯವರೆಗೆ ಹೋಗುತ್ತದೆ ಅಂತ ಆಗಲೇ ಅಪ್ಪನ ಹತ್ತಿರ ವಿಚಾರಿಸುತ್ತಿದ್ದಾಳೆ. ಕಂಬಿ ಮಾತ್ರ ಕಳೆದ ತಿಂಗಳೇ ಹಾಕಿಸಿದೆವು.